ಯಾವ ಗಿಡ, ಯಾವ ದ್ರಾವಕ, ಯಾವ ಪರೀಕ್ಷೆ? ಸಸ್ಯಸಾರದಿಂದ ದುಂಡಾಣು ತಡೆಯುವ ಪ್ರಾಜೆಕ್ಟಿಗೆ ಹೋಲಿಕೆಯ ಮಾರ್ಗದರ್ಶಿ

‘ಇಂಥ ಗಿಡದ ಸಾರ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತದೆಯೇ’ ಅನ್ನುವ ವಿಷಯವನ್ನು ಬಳ್ಳಾರಿ, ರಾಯಚೂರು, ಕೊಪ್ಪಳದ ಕಾಲೇಜುಗಳಲ್ಲಿ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಯಾರಾದರೂ ಹಿಡಿದೇ ಹಿಡಿಯುತ್ತಾರೆ. ಖರ್ಚು ಕಡಿಮೆ, ಗಿಡ ಕಾಂಪೌಂಡಿನಲ್ಲೇ ಸಿಗುತ್ತದೆ, ಪ್ಲೇಟಿನಲ್ಲಿ ಝೋನ್ (ಸಾರದ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತ) ಬಿದ್ದರೆ ಫೋಟೊ ಚೆಂದ ಬರುತ್ತದೆ. ಆದರೆ ಹೆಚ್ಚಿನವರು ಕೆಲಸ ಶುರು ಮಾಡುವುದೇ ತಲೆಕೆಳಗಾಗಿ: ಮೊದಲು ಗಿಡ, ಆಮೇಲೆ ಕಪಾಟಿನಲ್ಲಿ ಇದ್ದ ದ್ರಾವಕ, ಕೊನೆಗೆ ಫ್ರಿಜ್‌ನಲ್ಲಿ ಉಳಿದ ಬ್ಯಾಕ್ಟೀರಿಯಾ. ಯಾವ ಬ್ಯಾಕ್ಟೀರಿಯಾ, ಅದು ಎಲ್ಲಿ ಬದುಕುತ್ತದೆ, ಸಾರವನ್ನು ಕಡೆಗೆ ಎಲ್ಲಿ ಬಳಸಬೇಕು ಎಂಬುದು ಮೊದಲು ಗಟ್ಟಿಯಾಗಬೇಕು. ಅಷ್ಟಾದರೆ ಉಳಿದ ಮೂರರ ಆಯ್ಕೆ ಅರ್ಧ ಮುಗಿದಂತೆ.

ಬ್ಯಾಕ್ಟೀರಿಯಾ: ಚಂಡೀಗಢದಿಂದ ತರಿಸುವುದೋ, ಹೊಲದಿಂದ ತರುವುದೋ

ಒಂದು ದಾರಿ, ಚಂಡೀಗಢದ ಎಂಟಿಸಿಸಿ ಎಂಬ ಸೂಕ್ಷ್ಮಜೀವಿಗಳ ಸಂಗ್ರಹದಿಂದ ಇ. ಕೋಲಿ, ಸ್ಟ್ಯಾಫಿಲೋಕಾಕಸ್ ಆರಿಯಸ್‌ನಂಥ ಗುಣಮಟ್ಟದ ತಳಿ ತರಿಸುವುದು. ಗುರುತು ಹಿಡಿಯುವ ತಾಪತ್ರಯ ಇಲ್ಲ, ಬೇರೆಯವರ ಫಲಿತಾಂಶದ ಜೊತೆ ಹೋಲಿಸಬಹುದು. ಆದರೆ ಸ್ಟ್ಯಾಫಿಲೋಕಾಕಸ್ ಮನುಷ್ಯರಿಗೆ ರೋಗ ತರುವ ಜೀವಿ. ಜೈವಿಕ ಸುರಕ್ಷತೆಯ ಎರಡನೇ ಹಂತದ ವ್ಯವಸ್ಥೆ, ಅಂದರೆ ಸುರಕ್ಷತಾ ಕ್ಯಾಬಿನೆಟ್, ಕೈಗವಸು, ಆಟೋಕ್ಲೇವ್, ತರಬೇತಾದ ಮೇಲ್ವಿಚಾರಕರು ಇಲ್ಲದ ಲ್ಯಾಬ್‌ನಲ್ಲಿ ಅದನ್ನು ಬೆಳೆಸಬಾರದು. ಪರಿಚಯದವರ ಮೂಲಕ ಆಸ್ಪತ್ರೆಯಿಂದ ಕೀವಿನ ಮಾದರಿ ತರುವ ಯೋಚನೆಯನ್ನಂತೂ ಬಿಟ್ಟುಬಿಡಿ.

ಇನ್ನೊಂದು ದಾರಿ ನಮ್ಮ ಕಡೆಯ ಬೆಳೆಗಳದ್ದು. ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆಯಲ್ಲಿ ಅಂಗಮಾರಿ ತರುವುದು ಕ್ಸಾಂಥೋಮೊನಾಸ್ ಸಿಟ್ರಿ ಪ್ಯಾಥೋವಾರ್ ಪ್ಯುನಿಕೆ. ಗಂಗಾವತಿ, ಸಿಂಧನೂರು ಭಾಗದ ಭತ್ತದಲ್ಲಿ ಎಲೆ ಒಣಗಿಸುವುದು ಅದರ ದಾಯಾದಿ ಕ್ಸಾಂಥೋಮೊನಾಸ್ ಒರೈಜೆ. ಎರಡೂ ಗ್ರಾಂ ನೆಗೆಟಿವ್ (ಹೊರಗೊಂದು ಹೆಚ್ಚುವರಿ ಪೊರೆ ಇರುವ ಗುಂಪು), ಎರಡೂ ಆರೋಗ್ಯವಂತ ಮನುಷ್ಯರಿಗೆ ರೋಗ ತರುವಂಥವಲ್ಲ. ಸಾಮಾನ್ಯ ಡಿಗ್ರಿ ಕಾಲೇಜಿಗೆ ಈ ದಾರಿಯೇ ಒಳ್ಳೆಯದು. ಇದನ್ನು ಕೇಳುವ ರೈತರೂ ನಮ್ಮ ಸುತ್ತಲೇ ಇದ್ದಾರೆ. ಅವರು ಇಷ್ಟು ವರ್ಷ ನೆಚ್ಚಿಕೊಂಡಿದ್ದ ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್ ಮಿಶ್ರಣವನ್ನು ಬೆಳೆಗಳಲ್ಲಿ ನಿಷೇಧಿಸುವ ಕರಡು ಆದೇಶವನ್ನು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲೇ ಹೊರಡಿಸಿತು.

ಹೊಲದಿಂದ ತಂದರೆ ಶುದ್ಧ ಮಾಡುವ ಕೆಲಸ ನಿಮ್ಮದು. ದಾಳಿಂಬೆ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಎಳೆಯ ಚುಕ್ಕೆ ಎಣ್ಣೆ ತಾಗಿದ ಕಾಗದದಂತೆ ಬೆಳಕು ಹಾಯಿಸುತ್ತದೆ, ಸುತ್ತ ತೆಳು ಹಳದಿ ಅಂಚು ಇರುತ್ತದೆ. ಅಂಥದ್ದೇ ಬೇಕು. ನಡುವೆ ಒಣಗಿ ಕಂದಾಗಿದ್ದರೆ ಕೊಳೆತಿನಿ ಜೀವಿಗಳು ಅಷ್ಟೊತ್ತಿಗೆ ಸೇರಿಕೊಂಡಿರುತ್ತವೆ. ಚುಕ್ಕೆಯ ಅಂಚನ್ನು ಹಸಿರು ಭಾಗವೂ ಸೇರುವಂತೆ 5 ಮಿಮೀ ತುಂಡಾಗಿ ಕತ್ತರಿಸಿ, 1% ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ 30ರಿಂದ 60 ಸೆಕೆಂಡ್ ಅದ್ದಿ, ಕ್ರಿಮಿಶುದ್ಧ ನೀರಿನಲ್ಲಿ ಮೂರು ಸಲ ತೊಳೆಯಿರಿ. ಒಂದು ಹನಿ ಶುದ್ಧ ನೀರಿನಲ್ಲಿ ಜಜ್ಜಿ 10–15 ನಿಮಿಷ ಬಿಟ್ಟರೆ ದುಂಡಾಣು ನೀರಿಗೆ ಇಳಿಯುತ್ತದೆ. ಆ ನೀರನ್ನು ಸಕ್ಕರೆ ಸೇರಿಸಿದ ನ್ಯೂಟ್ರಿಯೆಂಟ್ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಗಟ್ಟಿ ಜೆಲ್ಲಿ) ಮೇಲೆ ಲೂಪ್‌ನಿಂದ ಗೆರೆ ಎಳೆಯಿರಿ. ಭತ್ತದ ಎಲೆಯಾದರೆ ಮೊದಲೇ ಖಾತ್ರಿ ಮಾಡಿಕೊಳ್ಳಬಹುದು. ರೋಗದ ಅಂಚನ್ನು ಕತ್ತರಿಸಿ ತಿಳಿನೀರಿನ ಗ್ಲಾಸಿನಲ್ಲಿ ಇಳಿಬಿಟ್ಟರೆ ಕೆಲವೇ ನಿಮಿಷದಲ್ಲಿ ಕತ್ತರಿಸಿದ ತುದಿಯಿಂದ ಹಾಲಿನ ಎಳೆಯಂಥ ಲೋಳೆ ಇಳಿಯುತ್ತದೆ.

28–30 ಡಿಗ್ರಿಯಲ್ಲಿ 48ರಿಂದ 72 ಗಂಟೆಗೆ ಹಳದಿ, ಹೊಳಪಿನ, ಉಬ್ಬಿದ, ಲೋಳೆಯ ಕಾಲೊನಿ ಬರಬೇಕು. 24 ಗಂಟೆಗೇ ದಟ್ಟ ಹಳದಿ ಕಾಲೊನಿ ಕಂಡರೆ ಹಿಗ್ಗಬೇಡಿ, ಅದು ಎಲೆಯ ಮೇಲೆ ಸಹಜವಾಗಿ ಇರುವ ಪ್ಯಾಂಟೋಯಾ ಇರುವ ಸಂಭವ ಹೆಚ್ಚು. ಸ್ಲೈಡಿನ ಮೇಲೆ 3% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯಲ್ಲಿ ಕಾಲೊನಿ ಕಲಸಿ ಲೂಪ್ ಮೇಲೆತ್ತಿದಾಗ ಅಂಟುನೂಲು ಎದ್ದರೆ ಗ್ರಾಂ ನೆಗೆಟಿವ್. ಕೊನೆಯ ಪುರಾವೆ ಮಾತ್ರ ಆರೋಗ್ಯವಾದ ಗಿಡಕ್ಕೆ ಹಾಕಿ ಅದೇ ಚುಕ್ಕೆ ಮತ್ತೆ ಬರಿಸುವುದೇ. ಆ ಗಿಡ ಲ್ಯಾಬ್ ಬಿಟ್ಟು ತೋಟದ ಕಡೆ ಹೋಗಕೂಡದು.

ನಮ್ಮೂರಿಗೆ ಮಾತ್ರ ಎದುರಾಗುವ ತೊಡಕೊಂದಿದೆ. ಸಾಮಾನ್ಯ ಇನ್‌ಕ್ಯುಬೇಟರ್ ಬಿಸಿ ಮಾಡಬಲ್ಲದು, ತಂಪು ಮಾಡಲಾರದು. ಏಪ್ರಿಲ್–ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ಕೋಣೆಯೊಳಗೇ 38 ಡಿಗ್ರಿ ಇರುವಾಗ 28ಕ್ಕೆ ಮುಳ್ಳು ತಿರುಗಿಸಿದರೆ ಏನೂ ಆಗುವುದಿಲ್ಲ. ಕ್ಸಾಂಥೋಮೊನಾಸ್ ಆ ಬಿಸಿಗೆ ಏಳುವುದೇ ಇಲ್ಲ, ‘ಸಾರ ಪೂರ್ತಿ ಕೊಂದಿದೆ’ ಎಂದು ಬರೆದುಕೊಳ್ಳುವ ಅಪಾಯ ಇದೆ. ತಂಪು ಮಾಡುವ ಬಿಒಡಿ ಇನ್‌ಕ್ಯುಬೇಟರ್ ಬೇಕು. ಅದಿಲ್ಲದಿದ್ದರೆ ಕೆಲಸವನ್ನು ನವೆಂಬರ್‌ನಿಂದ ಜನವರಿಯೊಳಗೆ ಮುಗಿಸುವಂತೆ ಯೋಜನೆ ಹಾಕಿ. 37 ಡಿಗ್ರಿ ಬೇಡುವ ಇ. ಕೋಲಿಗೆ ಈ ಕಾಟ ಅಷ್ಟಾಗಿ ಇಲ್ಲ.

ಗಿಡ: ಹೆಸರು ದೊಡ್ಡದಿದ್ದರೆ ಸಾಲದು

ಎಲ್ಲರೂ ಮೊದಲು ಕೈ ಹಾಕುವುದು ಬೇವಿಗೆ. ಬೇವಿನ ಬಲ ಇರುವುದು ಕೀಟಗಳ ಮೇಲೆ. ಬೀಜದ ಅಜಾಡಿರಾಕ್ಟಿನ್ ಹುಳುವಿನ ಮೇವು, ಬೆಳವಣಿಗೆ ಎರಡನ್ನೂ ಕೆಡಿಸುತ್ತದೆ. ಬ್ಯಾಕ್ಟೀರಿಯಾ ಎದುರು, ಅದರಲ್ಲೂ ಗ್ರಾಂ ನೆಗೆಟಿವ್ ಎದುರು, ಎಲೆಯ ನೀರುಸಾರ ಸಾಮಾನ್ಯವಾಗಿ ಸಪ್ಪೆ. ಇದಕ್ಕೆ ಕಾರಣ ಬ್ಯಾಕ್ಟೀರಿಯಾದ ಮೈಯಲ್ಲೇ ಇದೆ. ಗ್ರಾಂ ನೆಗೆಟಿವ್ ಜೀವಿಗೆ ಹೊರಗೊಂದು ಹೆಚ್ಚುವರಿ ಪೊರೆ ಇರುತ್ತದೆ, ಒಳನುಗ್ಗಿದ್ದನ್ನು ಹೊರಹಾಕುವ ಪಂಪುಗಳೂ ಇರುತ್ತವೆ. ಸ್ಟ್ಯಾಫಿಲೋಕಾಕಸ್ ಎದುರು ಚೆನ್ನಾಗಿ ಕೆಲಸ ಮಾಡಿದ ಸಾರ ಇ. ಕೋಲಿ ಎದುರು ಮಂಕಾಗುವುದೂ ಇದೇ ಕಾರಣಕ್ಕೆ. ಬೇವು ಇರಲಿ, ಆದರೆ ಹೋಲಿಕೆಯ ಒಂದು ಸಾಲಾಗಿ ಇರಲಿ.

ಬೆಳ್ಳುಳ್ಳಿ ಇದಕ್ಕೆ ಪೂರಾ ವಿರುದ್ಧ. ಗ್ರಾಂ ನೆಗೆಟಿವ್, ಪಾಸಿಟಿವ್ ಎರಡನ್ನೂ ಹಿಡಿಯುತ್ತದೆ. ಕ್ಯಾವಲ್ಲಿಟೊ ಮತ್ತು ಬೈಲಿ 1944ರಲ್ಲಿ ಬೇರ್ಪಡಿಸಿದ ಆಲಿಸಿನ್ ಇದರ ಅಸ್ತ್ರ. ಇಡೀ ಎಸಳಿನಲ್ಲಿ ಆಲಿಸಿನ್ ಇರುವುದಿಲ್ಲ. ಜಜ್ಜಿದಾಗ ಆಲಿನ್ ಎಂಬ ವಸ್ತುವಿಗೆ ಆಲಿನೇಸ್ ಎಂಬ ಕಿಣ್ವ ತಾಗಿ ಅದು ಹುಟ್ಟುತ್ತದೆ. ಆದ್ದರಿಂದ ಇಡೀ ಎಸಳನ್ನು ಮೊದಲೇ ಕುದಿಸಿದರೆ ಕಿಣ್ವ ಸತ್ತು ಪ್ರಾಜೆಕ್ಟೂ ಅಲ್ಲಿಗೇ ಮುಗಿಯುತ್ತದೆ. ಸುಲಿದ 20 ಗ್ರಾಂ ಎಸಳನ್ನು 70% ಆಲ್ಕೋಹಾಲಿನಲ್ಲಿ ಒರೆಸಿ, ಕಲ್ಲಿನಲ್ಲಿ ಜಜ್ಜಿ, 10 ನಿಮಿಷ ಬಿಟ್ಟು, 20 ಮಿಲಿ ಕ್ರಿಮಿಶುದ್ಧ ತಣ್ಣೀರು ಸೇರಿಸಿ, ತೆಳು ಬಟ್ಟೆಯಲ್ಲಿ ಹಿಂಡಿ, ಸೋಸಿ. ಅದೇ ದಿನ ಬಳಸಿ. ಸೋಸಲು 0.22 ಮೈಕ್ರಾನ್ ಫಿಲ್ಟರ್ ಸಾಕು, ಆಟೋಕ್ಲೇವ್‌ಗೆ ಇಡಬೇಡಿ. ಬೆಳ್ಳುಳ್ಳಿಗೆ ಇನ್ನೊಂದು ಗುಣವಿದೆ. ಆಲಿಸಿನ್ ಆವಿಯಾಗುತ್ತದೆ. ಒಂದೇ ಪ್ಲೇಟಿನಲ್ಲಿ ಬೇವು, ಅರಿಶಿನ, ಬೆಳ್ಳುಳ್ಳಿ ಮೂರನ್ನೂ ಇಟ್ಟರೆ ಬೆಳ್ಳುಳ್ಳಿಯ ಆವಿ ಅಗಾರ್‌ನಲ್ಲಿ ಸಾರ ಹಾಕಲು ಕೊರೆದ ಪಕ್ಕದ ಕುಳಿಯ ಸುತ್ತಲ ಬೆಳವಣಿಗೆಯನ್ನೂ ತೆಳುವಾಗಿಸಿ, ಬೇವಿಗೆ ಇಲ್ಲದ ಕೀರ್ತಿ ತಂದುಕೊಡುತ್ತದೆ. ಅದಕ್ಕೆ ಬೇರೆ ಪ್ಲೇಟೇ ಬೇಕು.

ಕೊಪ್ಪಳದವರಿಗೆ ನಮ್ಮ ಮೊದಲ ಸಲಹೆ ದಾಳಿಂಬೆ ಸಿಪ್ಪೆ. ಜ್ಯೂಸ್ ಅಂಗಡಿಯ ಹಿಂದೆ ಬುಟ್ಟಿಗಟ್ಟಲೆ ಸುರಿದಿರುತ್ತದೆ, ಅದರಲ್ಲಿ ಪ್ಯುನಿಕಲಾಜಿನ್ ಮೊದಲಾದ ಟ್ಯಾನಿನ್‌ಗಳು ಸಮೃದ್ಧವಾಗಿವೆ, ಅವು ನೀರಿಗೂ ಆಲ್ಕೋಹಾಲಿಗೂ ಸಲೀಸಾಗಿ ಇಳಿಯುತ್ತವೆ. ಸಿಪ್ಪೆಯನ್ನು ತೊಳೆದು, ಸಣ್ಣಗೆ ಹೆಚ್ಚಿ, ನೆರಳಲ್ಲಿ ಕಟಕಟ ಎನ್ನುವಂತೆ ಒಣಗಿಸಿ ಪುಡಿ ಮಾಡಿ. ಕಬ್ಬಿಣದ ಈಳಿಗೆ, ಕಬ್ಬಿಣದ ಪಾತ್ರೆ ಬೇಡ, ಟ್ಯಾನಿನ್ ಕಬ್ಬಿಣಕ್ಕೆ ತಾಗಿದರೆ ಕಪ್ಪಾಗಿ ಗಂಟುಕಟ್ಟುತ್ತದೆ. ಟ್ಯಾನಿನ್‌ನ ಇನ್ನೊಂದು ಚೇಷ್ಟೆ, ಅದು ಅಗಾರ್‌ನಲ್ಲಿರುವ ಪ್ರೋಟೀನಿಗೆ ಅಂಟಿ ಕುಳಿಯ ಸುತ್ತ ಕಂದು ಮಸುಕು ಉಂಗುರ ಮಾಡುತ್ತದೆ. ಅದು ಝೋನ್ ಅಲ್ಲ. ಪ್ಲೇಟನ್ನು ಓರೆಯಾಗಿ ಬೆಳಕಿಗೆ ಹಿಡಿದು, ಬ್ಯಾಕ್ಟೀರಿಯಾದ ಪದರ ಎಲ್ಲಿ ನಿಜವಾಗಿ ನಿಂತಿದೆಯೋ ಅಲ್ಲಿಂದ ಅಳೆಯಬೇಕು. ಗ್ರಂದಿಗೆ ಅಂಗಡಿಯ ಅಳಲೆಕಾಯಿ, ಹೊಲದ ಬದುವಿನ ತಂಗಡಿ ಗಿಡದ ತೊಗಟೆ ಎರಡೂ ಇದೇ ಟ್ಯಾನಿನ್ ಜಾತಿಗೆ ಸೇರಿದವು, ಇದೇ ಎಚ್ಚರಿಕೆ ಅವಕ್ಕೂ ಸಾಕು.

ಅರಿಶಿನದಲ್ಲಿ ಮೋಸ ಬೇರೆ ಥರದ್ದು. ಕರ್ಕ್ಯುಮಿನ್ ನೀರಿಗೆ ಹೆಚ್ಚುಕಡಿಮೆ ಕರಗುವುದೇ ಇಲ್ಲ, ಅಗಾರ್‌ನಲ್ಲಿ ಹರಡುವುದೂ ಇಲ್ಲ. ಹೀಗಾಗಿ ಝೋನ್ ಚಿಕ್ಕದು, ಕೆಲವು ಸಲ ಇಲ್ಲವೇ ಇಲ್ಲ. ಅದರಿಂದ ‘ಅರಿಶಿನಕ್ಕೆ ಶಕ್ತಿ ಇಲ್ಲ’ ಎಂದು ತೀರ್ಮಾನಿಸಿದರೆ ತಪ್ಪು, ಅರಿಶಿನಕ್ಕೆ ಆರಿಸಿದ ಪರೀಕ್ಷೆ ಸರಿ ಇರಲಿಲ್ಲ ಅಷ್ಟೆ. ಬೆಳಕಿಗೆ, ಕ್ಷಾರಕ್ಕೆ ಕರ್ಕ್ಯುಮಿನ್ ಕೆಡುತ್ತದೆ. ಬಾಟಲಿಗೆ ಫಾಯಿಲ್ ಸುತ್ತಿಡಿ.

ಲವಂಗದೆಣ್ಣೆಯಲ್ಲಿ ಬಹುಪಾಲು ಯೂಜಿನಾಲ್, ಅದು ಬ್ಯಾಕ್ಟೀರಿಯಾದ ಪೊರೆಯನ್ನೇ ಒಡೆಯುತ್ತದೆ. ಪ್ಲೇಟಿನಲ್ಲಿ ದೊಡ್ಡ ಝೋನ್ ಕೊಡುವುದರಲ್ಲಿ ಇದಕ್ಕೆ ಸಾಟಿ ಕಡಿಮೆ. ನೀರಿಗೆ ಬೆರೆಯದ ಕಾರಣ, ಎಣ್ಣೆಯನ್ನು ನೀರಿಗೆ ಬೆರೆಸುವ ಟ್ವೀನ್ 80 ಅನ್ನು 0.5% ಸೇರಿಸಿ ಅಲುಗಾಡಿಸಬೇಕು, ಹೋಲಿಕೆಗೆ ಟ್ವೀನ್ ಮಾತ್ರ ಹಾಕಿದ ಕಂಟ್ರೋಲ್ ಇಡಬೇಕು. ಆದರೆ ಯೂಜಿನಾಲ್ ಪ್ರಮಾಣ ಹೆಚ್ಚಾದರೆ ಎಲೆಯನ್ನೂ ಸುಡುತ್ತದೆ, ಅದನ್ನು ಕಳೆ ಸುಡಲು ಬಳಸುವುದೂ ಉಂಟು. ಬೆಳೆಗೆ ಅಂತ ಯೋಚಿಸಿದ್ದರೆ ಇದನ್ನು ಮುಂದೆ ತಳ್ಳಿ. ತುಳಸಿಯಲ್ಲೂ ಯೂಜಿನಾಲ್ ಇದೆ, ಆದರೆ ತಳಿ, ಋತು, ಕೊಯ್ದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಈ ಬ್ಯಾಚಿಗೂ ಮುಂದಿನ ಬ್ಯಾಚಿಗೂ ತಾಳೆಯಾಗದಿದ್ದರೆ ಬೆಚ್ಚಬೇಡಿ.

ಇನ್ನು ಬಳ್ಳಾರಿ ಜಾಲಿ. ಅಮೆರಿಕ ಖಂಡದ ಒಣನಾಡುಗಳಿಂದ ಬಂದ ಈ ಮುಳ್ಳಿನ ಗಿಡ ರಸ್ತೆ, ಕೆರೆಯಂಗಳ, ಹಾಳುಬಿದ್ದ ಹೊಲ ಎಲ್ಲವನ್ನೂ ಆವರಿಸಿದೆ, ಎಷ್ಟು ಕಡಿದರೂ ಯಾರೂ ಬೇಡ ಎನ್ನುವುದಿಲ್ಲ. ಎಲೆಯಲ್ಲಿ ಪೈಪೆರಿಡಿನ್ ಜಾತಿಯ ಆಲ್ಕಲಾಯ್ಡ್‌ಗಳಿವೆ, ಬ್ಯಾಕ್ಟೀರಿಯಾ ತಡೆಯುವ ಶಕ್ತಿ ಅವುಗಳದ್ದೇ. ಒಳ್ಳೆಯ ಪಿಜಿ ಪ್ರಾಜೆಕ್ಟಿಗೆ ಇದಕ್ಕಿಂತ ಸೂಕ್ತ ಗಿಡ ನಮ್ಮ ಕಡೆ ಸಿಗಲಿಕ್ಕಿಲ್ಲ. ಆಮ್ಲ ಬೆರೆಸಿದ ನೀರಿನಲ್ಲಿ ಆಲ್ಕಲಾಯ್ಡ್ ಲವಣವಾಗಿ ಕರಗುತ್ತದೆ. ಸೋಸಿ, ಅಮೋನಿಯಾದಿಂದ ಪಿಎಚ್ 9–10ಕ್ಕೆ ಏರಿಸಿದರೆ ನೀರನ್ನು ಬಿಟ್ಟು ಈಥೈಲ್ ಅಸಿಟೇಟ್‌ಗೆ ಹೋಗುತ್ತದೆ. ಹೀಗೆ ಬೇರ್ಪಡಿಸಿದ ಭಾಗವನ್ನು ಇಡೀ ಎಲೆಯ ಸಾರದ ಜೊತೆ ಹೋಲಿಸಿದರೆ ಶಕ್ತಿ ಎಲ್ಲಿ ಕುಳಿತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಇದರ ಕಾಯಿಯನ್ನೇ ಬಹಳ ದಿನ ಮೇಯ್ದ ದನಕ್ಕೆ ದವಡೆಯ ನರ ಸೋಲುತ್ತದೆ. ಹಾಗಾಗಿ ಮನೆಮದ್ದಿನ ಮಾತು ಬೇಡ.

ದ್ರಾವಕ: ನೀರು, ಆಲ್ಕೋಹಾಲ್, ಉಳಿದವು

ಒಂದೇ ಪುಡಿಯಿಂದ ಬೇರೆ ಬೇರೆ ದ್ರಾವಕ ಬೇರೆ ಬೇರೆ ವಸ್ತು ಎಳೆಯುತ್ತದೆ. ಒಂದನ್ನೇ ಆರಿಸಬೇಕಿದ್ದರೆ 70% ಎಥನಾಲ್. ಶುದ್ಧ ಎಥನಾಲ್‌ಗಿಂತ ನೀರು ಬೆರೆತದ್ದೇ ಟ್ಯಾನಿನ್‌ನಂಥ ಫೀನಾಲಿಕ್‌ಗಳನ್ನು ಚೆನ್ನಾಗಿ ಎಳೆಯುತ್ತದೆ, ನೀರು ಒಣಗಿದ ಜೀವಕೋಶವನ್ನು ಉಬ್ಬಿಸಿ ದಾರಿ ಮಾಡಿಕೊಡುವುದರಿಂದ. ಎಥನಾಲ್ ಕೊಳ್ಳಲು ಕಾಲೇಜಿಗೆ ಅಬಕಾರಿ ಪರವಾನಗಿ ಬೇಕು, ಅರ್ಜಿಯನ್ನು ಸೆಮಿಸ್ಟರಿನ ಆರಂಭದಲ್ಲೇ ಹಾಕಿಸಿ. ಸಿಗಲಿಲ್ಲ ಅಂತ ಸ್ಯಾನಿಟೈಸರ್, ಡಿನೇಚರ್ಡ್ ಸ್ಪಿರಿಟ್ ಬಳಸಬೇಡಿ. ಅವುಗಳಲ್ಲಿ ಬೆರೆಸಿದ ಬೇರೆ ರಾಸಾಯನಿಕಗಳು ತಾವೇ ಝೋನ್ ಮಾಡುತ್ತವೆ.

ನೀರುಸಾರ ಅಗ್ಗ, ರೈತ ಮನೆಯಲ್ಲೇ ಮಾಡಿಕೊಳ್ಳಬಲ್ಲ ಏಕೈಕ ಸಾರವೂ ಅದೇ. ಹೊಲಕ್ಕೆ ಅನ್ನುವ ಉದ್ದೇಶ ಇದ್ದರೆ ಉಳಿದ ಯಾವುದನ್ನು ಬಿಟ್ಟರೂ ಇದನ್ನು ಬಿಡುವಂತಿಲ್ಲ. ಆದರೆ ನಮ್ಮ ಬಿಸಿಲಿಗೆ ಒಂದೇ ದಿನದಲ್ಲಿ ಹುಳಿಯುತ್ತದೆ, ಹುಳಿದ ಸಾರದ ಆಮ್ಲವೇ ಬ್ಯಾಕ್ಟೀರಿಯಾ ತಡೆಯುತ್ತದೆ. ಬೋರ್‌ವೆಲ್ ನೀರು ಬಳಸಬೇಡಿ, ರಾಯಚೂರು ಕಡೆಯ ಗಡಸು ನೀರಿನ ಲವಣಗಳು ಪಿಎಚ್ ಏರಿಸಿ, ಟ್ಯಾನಿನ್‌ಗಳನ್ನು ತಳಕ್ಕೆ ಇಳಿಸುತ್ತವೆ. ಡಿಸ್ಟಿಲ್ಡ್ ನೀರೇ ಆಗಬೇಕು.

ಮೆಥನಾಲ್ ಚೆನ್ನಾಗಿ ಎಳೆಯುತ್ತದೆ, ಆದರೆ ವಿಷ. ಲ್ಯಾಬಿನ ಹೊರಗೆ ಯಾರಿಗೂ ಉಪಯೋಗವಿಲ್ಲದ ಸಾರ ಅದು. ಅಸಿಟೋನ್ ಪತ್ರಹರಿತ್ತನ್ನೂ ಹೊತ್ತು ತರುತ್ತದೆ, ಜೊತೆಗೆ ಪ್ಲಾಸ್ಟಿಕ್ ಪೆಟ್ರಿ ಪ್ಲೇಟಿನ ಪಾಲಿಸ್ಟೈರೀನನ್ನೇ ಕರಗಿಸುತ್ತದೆ. ಪೂರ್ತಿ ಆರಿಸದೆ ಹನಿ ಹಾಕಿದರೆ ಪ್ಲೇಟ್ ಮಂಜಾಗುತ್ತದೆ. ಹೆಕ್ಸೇನ್ ಮೇಣ, ಕೊಬ್ಬುಗಳಿಗೆ ಮಾತ್ರ.

ವಿಧಾನ ಸರಳ. 10 ಗ್ರಾಂ ಪುಡಿಗೆ 100 ಮಿಲಿ ದ್ರಾವಕ, ಬಾಯಿ ಮುಚ್ಚಿ 24ರಿಂದ 48 ಗಂಟೆ, ಶೇಕರ್ ಇಲ್ಲದಿದ್ದರೆ ಆಗಾಗ ಅಲುಗಾಡಿಸಿ. ಮೊದಲು ಬಟ್ಟೆಯಲ್ಲಿ, ಆಮೇಲೆ ವಾಟ್‌ಮನ್ ನಂ. 1 ಕಾಗದದಲ್ಲಿ ಸೋಸಿ. ತೂಕ ಮಾಡಿದ ಅಗಲ ಪಿಂಗಾಣಿ ಬಟ್ಟಲಿಗೆ ಸುರಿದು 40–50 ಡಿಗ್ರಿಯ ವಾಟರ್‌ಬಾತ್ ಮೇಲೆ ಆರಿಸಿ, ಮತ್ತೆ ತೂಗಿ. ವ್ಯತ್ಯಾಸವೇ ಸಾರದ ತೂಕ. ಹತ್ತಿರ ಬರ್ನರ್ ಉರಿಯಬಾರದು, ಎಥನಾಲ್ ಆವಿ ಕೋಣೆಯ ಬಿಸಿಯಲ್ಲೂ ಕಿಡಿ ತಾಗಿದರೆ ಸಾಕು, ಬೆಂಕಿ ಹಿಡಿಯುತ್ತದೆ. ಸಾಕ್ಸ್‌ಲೆಟ್ ಉಪಕರಣ ಇದ್ದವರಿಗೆ ಅದರ ಆಸೆ ಸಹಜ, ಆದರೆ ಗಂಟೆಗಟ್ಟಲೆ ಕುದಿಯುವಾಗ ಬಿಸಿ ತಾಳದ ವಸ್ತುಗಳು ಕೆಡುತ್ತವೆ. ಸಿಪ್ಪೆ, ತೊಗಟೆಗೆ ನಡೆಯುತ್ತದೆ, ತುಳಸಿ, ಬೆಳ್ಳುಳ್ಳಿಗೆ ಬೇಡ.

ಎಷ್ಟೋ ಪ್ರಾಜೆಕ್ಟ್ ವರದಿಗಳಲ್ಲಿ ‘10% ಸಾರ’ ಎಂದು ಇರುತ್ತದೆ. ಅದು ಪುಡಿಯ ಶೇಕಡವೋ, ಒಣಗಿದ ಸಾರದ ಶೇಕಡವೋ ಎಂದು ಯಾರಿಗೂ ತಿಳಿಯುವುದಿಲ್ಲ. ಪ್ರತಿ ಮಿಲಿಗೆ ಇಷ್ಟು ಮಿಲಿಗ್ರಾಂ ಒಣಸಾರ ಎಂದೇ ಬರೆಯಿರಿ.

ಪರೀಕ್ಷೆ: ಝೋನ್ ಅಳೆಯುವುದೋ, ಎಂಐಸಿ ನೋಡುವುದೋ

ಅಗಾರ್‌ನಲ್ಲಿ ಕುಳಿ ಕೊರೆದು ಸಾರ ಹಾಕುವ ವಿಧಾನ ಮೊದಲ ಜಾಲರಿ, ಯಾವುದು ಮುಂದೆ ಹೋಗಲು ಲಾಯಕ್ಕು ಎಂದು ಸೋಸಲು ಸಾಕು. ನೀರಿನಲ್ಲಿ ಕರಗುವ ಸಾರಗಳಿಗೆ ಇದು ಕಾಗದದ ಡಿಸ್ಕ್‌ಗಿಂತ ಮೇಲು. ಡಿಸ್ಕ್ 10–20 ಮೈಕ್ರೋಲೀಟರ್ ಮಾತ್ರ ಹೀರುತ್ತದೆ, ಟ್ಯಾನಿನ್‌ಗಳು ಕಾಗದಕ್ಕೇ ಅಂಟಿಕೊಂಡು ಹೊರಬರುವುದಿಲ್ಲ. ಸುಗಂಧ ತೈಲಗಳಿಗೆ ಡಿಸ್ಕೇ ವಾಸಿ, ಕುಳಿಯಲ್ಲಿ ಎಣ್ಣೆ ತೇಲಿ ಮೇಲ್ಮೈಗೆ ಹರಿಯುತ್ತದೆ.

90 ಮಿಮೀ ಪ್ಲೇಟಿಗೆ 25 ಮಿಲಿ ಅಗಾರ್ ಸುರಿದರೆ 4 ಮಿಮೀ ದಪ್ಪ ಸಿಗುತ್ತದೆ. ಅಳತೆ ಇಲ್ಲದೆ ಕಣ್ಣಂದಾಜಿಗೆ ಸುರಿದರೆ ತೆಳು ಪ್ಲೇಟಿನಲ್ಲಿ ಝೋನ್ ದೊಡ್ಡದಾಗಿ, ದಪ್ಪ ಪ್ಲೇಟಿನಲ್ಲಿ ಸಣ್ಣದಾಗಿ ಬರುತ್ತದೆ. ಇ. ಕೋಲಿಗೆ ಮ್ಯುಲ್ಲರ್ ಹಿಂಟನ್ ಅಗಾರ್ ಲೀಟರಿಗೆ 38 ಗ್ರಾಂ, ಕ್ಸಾಂಥೋಮೊನಾಸ್‌ಗೆ ನ್ಯೂಟ್ರಿಯೆಂಟ್ ಅಗಾರ್ 28 ಗ್ರಾಂ. ಬ್ಯಾಕ್ಟೀರಿಯಾದ ಪ್ರಮಾಣವನ್ನು ಮಂದತೆಯ ಅಳತೆಯಾದ 0.5 ಮ್ಯಾಕ್‌ಫಾರ್ಲೆಂಡ್‌ಗೆ ಹೊಂದಿಸಿ. 1.175% ಬೇರಿಯಂ ಕ್ಲೋರೈಡ್ 0.05 ಮಿಲಿ, 1% ಗಂಧಕಾಮ್ಲ 9.95 ಮಿಲಿ ಬೆರೆಸಿದರೆ ಆ ಮಂದತೆಯ ಮಾದರಿ ಸಿದ್ಧ. ಇ. ಕೋಲಿಗೆ ಅದು ಮಿಲಿಗೆ ಸುಮಾರು 15 ಕೋಟಿ ಜೀವಕೋಶ. ಹತ್ತಿಯ ಸ್ವಾಬ್‌ನಿಂದ ಮೂರು ದಿಕ್ಕಿನಲ್ಲಿ ಸವರಿ, 6 ಮಿಮೀ ಕುಳಿ ಕೊರೆದು, 50 ಮೈಕ್ರೋಲೀಟರ್ ಹಾಕಿ, ಅರ್ಧ ಗಂಟೆ ಹಾಗೇ ಬಿಟ್ಟು ಇನ್‌ಕ್ಯುಬೇಟರ್‌ಗೆ ಇಡಿ. ಒಂದು ಪ್ಲೇಟಿಗೆ ಐದಕ್ಕಿಂತ ಹೆಚ್ಚು ಕುಳಿ ಬೇಡ.

ಝೋನ್ ನೋಡಿ ‘ನಮ್ಮ ಸಾರ ಜೆಂಟಾಮೈಸಿನ್‌ಗಿಂತ (ಒಂದು ಆ್ಯಂಟಿಬಯೋಟಿಕ್) ಪ್ರಬಲ’ ಎಂದು ಬರೆಯುವವರು ಒಂದು ಲೆಕ್ಕ ಮಾಡಬೇಕು. ಮಿಲಿಗೆ 100 ಮಿಲಿಗ್ರಾಂ ಸಾರವನ್ನು 50 ಮೈಕ್ರೋಲೀಟರ್ ಹಾಕಿದರೆ ಕುಳಿಯಲ್ಲಿ ಇರುವುದು 5 ಮಿಲಿಗ್ರಾಂ. ಜೆಂಟಾಮೈಸಿನ್ ಡಿಸ್ಕ್‌ನಲ್ಲಿ ಇರುವುದು 10 ಮೈಕ್ರೋಗ್ರಾಂ. ಐನೂರು ಪಟ್ಟು ಹೆಚ್ಚು ಸುರಿದು ಸಮ ಬಂದರೆ ಅದು ಗೆಲುವಲ್ಲ. ಆ ಡಿಸ್ಕ್ ಇಡುವುದು ಸ್ಪರ್ಧೆಗಲ್ಲ, ಪ್ಲೇಟ್ ಸರಿ ಇದೆಯೇ ಎಂದು ನೋಡಲು. ಎಟಿಸಿಸಿ 25922 ಎಂಬ ಗುಣಮಟ್ಟದ ಇ. ಕೋಲಿ ತಳಿಗೆ ಅದರ ಝೋನ್ 19ರಿಂದ 26 ಮಿಮೀ ಒಳಗೆ ಬರಬೇಕು. ಬರದಿದ್ದರೆ ಆ ದಿನದ ಪ್ಲೇಟುಗಳನ್ನೆಲ್ಲ ಬಿಟ್ಟುಬಿಡಿ.

ನಿಜವಾದ ಹೋಲಿಕೆ ಬೇಕಿದ್ದರೆ ಎಂಐಸಿ, ಅಂದರೆ ಬೆಳವಣಿಗೆ ನಿಲ್ಲಿಸುವ ಕನಿಷ್ಠ ಪ್ರಮಾಣ. ಅಗಾರ್‌ನಲ್ಲಿ ಹರಡದ ಅರಿಶಿನಕ್ಕೆ, ಎಣ್ಣೆಗಳಿಗೆ ಇದೊಂದೇ ನ್ಯಾಯ. 96 ಕುಳಿಯ ಪ್ಲೇಟಿನ ಒಂದು ಸಾಲಿನಲ್ಲಿ ಎಂಟು ಕುಳಿಗೆ ತಲಾ 100 ಮೈಕ್ರೋಲೀಟರ್ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ದ್ರವ) ಹಾಕಿ. ಮೊದಲ ಕುಳಿಗೆ 4% ಡಿಎಂಎಸ್‌ಒ ಎಂಬ ದ್ರಾವಕ ಇರುವ, ಮಿಲಿಗೆ 20 ಮಿಲಿಗ್ರಾಂನ ಸಾರ 100 ಮೈಕ್ರೋಲೀಟರ್ ಸೇರಿಸಿ. ಕಲಸಿ 100 ಅನ್ನು ಮುಂದಿನ ಕುಳಿಗೆ ದಾಟಿಸುತ್ತ ಹೋಗಿ, ಎಂಟನೆಯದರಿಂದ ತೆಗೆದ 100 ಅನ್ನು ಚೆಲ್ಲಿ. ಆಮೇಲೆ ಪ್ರತಿಯೊಂದಕ್ಕೂ 0.5 ಮ್ಯಾಕ್‌ಫಾರ್ಲೆಂಡ್‌ನಿಂದ 150 ಪಟ್ಟು ತೆಳುಮಾಡಿದ ಬ್ಯಾಕ್ಟೀರಿಯಾ 100 ಮೈಕ್ರೋಲೀಟರ್. ಈಗ ಮೊದಲ ಕುಳಿಯಲ್ಲಿ ಮಿಲಿಗೆ 5 ಮಿಲಿಗ್ರಾಂ, ಆಮೇಲೆ 2.5, 1.25, ಹೀಗೆ ಕೊನೆಯದರಲ್ಲಿ 0.039. ಡಿಎಂಎಸ್‌ಒ 1% ದಾಟುವುದಿಲ್ಲ, ಆದ್ದರಿಂದ ಅದರ ಕಾಟವಿಲ್ಲ.

ಸಾರವೇ ಬಣ್ಣದ್ದಾದ್ದರಿಂದ ಮಂದತೆ ಕಣ್ಣಿಗೆ ಕಾಣದು. 24 ಗಂಟೆಯ ನಂತರ, ಕ್ಸಾಂಥೋಮೊನಾಸ್ ಆದರೆ 48ರ ನಂತರ, 0.015% ರೆಸಜುರಿನ್ ಎಂಬ ಬಣ್ಣದ ದ್ರಾವಣ 30 ಮೈಕ್ರೋಲೀಟರ್ ಹಾಕಿ ಎರಡರಿಂದ ನಾಲ್ಕು ಗಂಟೆ ಬಿಡಿ. ನೀಲಿ ಉಳಿದರೆ ಬೆಳವಣಿಗೆ ಇಲ್ಲ, ಗುಲಾಬಿಗೆ ತಿರುಗಿದರೆ ಜೀವ ಇದೆ. ಇಲ್ಲಿಯೂ ಒಂದು ಬಲೆ ಇದೆ. ದಾಳಿಂಬೆ ಸಿಪ್ಪೆ, ಅಳಲೆಯಂಥ ಸಾರಗಳು ಬ್ಯಾಕ್ಟೀರಿಯಾ ಇಲ್ಲದೆಯೂ ರೆಸಜುರಿನ್ ಬಣ್ಣ ಬದಲಿಸಬಲ್ಲವು. ಸಾರ ಮತ್ತು ಬ್ರಾತ್ ಮಾತ್ರ ಇರುವ ಒಂದು ಸಾಲು ಪಕ್ಕದಲ್ಲಿ ಇರಲೇಬೇಕು. ನೀಲಿ ಉಳಿದ ಕುಳಿಗಳಿಂದ 10 ಮೈಕ್ರೋಲೀಟರ್ ತೆಗೆದು ಹೊಸ ಅಗಾರ್ ಮೇಲೆ ಹಾಕಿದರೆ, ಬ್ಯಾಕ್ಟೀರಿಯಾ ಸತ್ತಿದೆಯೋ ಸುಮ್ಮನೆ ಮಲಗಿದೆಯೋ ಗೊತ್ತಾಗುತ್ತದೆ. ಕಚ್ಚಾ ಸಾರಕ್ಕೆ ಎಂಐಸಿ ಮಿಲಿಗೆ 100 ಮೈಕ್ರೋಗ್ರಾಂ ಒಳಗೆ ಬಂದರೆ ಗಮನಾರ್ಹ, 1,000 ದಾಟಿದರೆ ದುರ್ಬಲ ಎಂದು ಸಂಶೋಧಕರು ಸಾಮಾನ್ಯವಾಗಿ ಎಣಿಸುತ್ತಾರೆ.

ಯಾವ ಪರೀಕ್ಷೆ ಆರಿಸಿದರೂ ದ್ರಾವಕ ಮಾತ್ರ ಹಾಕಿದ ಕಂಟ್ರೋಲ್ ಇರಬೇಕು, ಸಾರದ ಪಿಎಚ್ ನೋಡಿರಬೇಕು. ಹುಣಸೆ, ನಿಂಬೆ, ನೆಲ್ಲಿಕಾಯಿ ಸಾರಗಳು ಪ್ಲೇಟಿನಲ್ಲಿ ಮಿಂಚುವುದು ಬಹುಮಟ್ಟಿಗೆ ಹುಳಿಯಿಂದ. ಒಂದು ಪಾಲನ್ನು ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಪಿಎಚ್ 7ರ ಹತ್ತಿರ ತಂದು ಮತ್ತೆ ನೋಡಿ. ಝೋನ್ ಮಾಯವಾದರೆ ನೀವು ಪರೀಕ್ಷಿಸಿದ್ದು ಗಿಡವನ್ನಲ್ಲ, ಆಮ್ಲವನ್ನು.

ಪ್ಲೇಟಿನಿಂದ ಹೊಲಕ್ಕೆ

ಎರಡು ಬೆಳೆಗೆ ಎರಡು ಉತ್ತರ. ಭತ್ತದ ದುಂಡಾಣು ಎಲೆಯ ನೀರುನಾಳದೊಳಗೆ ವಾಸ ಮಾಡುತ್ತದೆ. ಮೇಲೆ ಸಿಂಪಡಿಸಿದ ಯಾವ ಕಷಾಯವೂ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ, ಹರಡುವುದನ್ನು ತಡೆಯಬಲ್ಲದು ಅಷ್ಟೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಶಿಫಾರಸಿನಲ್ಲಿ ಈ ರೋಗಕ್ಕೆ 5% ಬೇವಿನ ಬೀಜದ ಕಷಾಯ ಇದೆ, ತಾಜಾ ಸಗಣಿಯ 20% ತಿಳಿಯೂ ಇದೆ. ಕಷಾಯಕ್ಕೆ 5 ಕೆಜಿ ಬೀಜದ ತಿರುಳನ್ನು ಪುಡಿ ಮಾಡಿ, 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಹಿಂಡಿ, 200 ಗ್ರಾಂ ಸಾಬೂನು ಸೇರಿಸಿ 100 ಲೀಟರ್ ಮಾಡಿಕೊಂಡು, ಅದೇ ದಿನ ಸಂಜೆ ಹೊಡೆಯಬೇಕು. ಆದರೆ ಸೋನಾ ಮಸೂರಿ ಹಾಕಿ, ಯೂರಿಯಾ ಸುರಿದು, ರೋಗದ ಗದ್ದೆಯ ನೀರನ್ನು ಕೆಳಗಿನ ಗದ್ದೆಗೆ ಹರಿಸುತ್ತಿದ್ದರೆ ಕಷಾಯದ ಕೈಯಲ್ಲಿ ಏನೂ ಇಲ್ಲ. ಕ್ಸಾ 21 ಸೇರಿ ಮೂರು ನಿರೋಧಕ ವಂಶವಾಹಿ ಹೊತ್ತ ಇಂಪ್ರೂವ್ಡ್ ಸಾಂಬಾ ಮಸೂರಿ 2008ರಲ್ಲೇ ಬಿಡುಗಡೆಯಾಗಿದೆ. ಭತ್ತಕ್ಕೆ ನಮ್ಮ ಆಯ್ಕೆ ಆ ತಳಿ, ಸಾರವಲ್ಲ.

ದಾಳಿಂಬೆಯಲ್ಲಿ ದುಂಡಾಣು ಎಲೆರಂಧ್ರ, ಗಾಯಗಳ ಮೂಲಕ ಒಳಹೋಗಿ ಹೊರಮೈಯಲ್ಲೇ ಚುಕ್ಕೆ ಕಟ್ಟುತ್ತದೆ, ಹಣ್ಣಿನ ಮೇಲಿನ ಚುಕ್ಕೆ ‘ವೈ’ ಆಕಾರದಲ್ಲಿ ಸೀಳುತ್ತದೆ. ಒಳಹೋಗುವ ಮುನ್ನ ತಡೆಯುವ ಸಾರಕ್ಕೆ ಇಲ್ಲಿ ಅವಕಾಶ ಇದೆ. ಪ್ಲೇಟಿನ ನಂತರದ ಹಂತ ನೇರ ತೋಟವಲ್ಲ, ಕಿತ್ತ ಎಲೆ. ಆರೋಗ್ಯವಾದ ಎಲೆಗಳನ್ನು ಒದ್ದೆ ಹತ್ತಿ ಹಾಸಿದ ಪ್ಲೇಟಿನಲ್ಲಿಟ್ಟು, ಕೆಲವಕ್ಕೆ ಮೊದಲು ಸಾರ ಆಮೇಲೆ ದುಂಡಾಣು, ಕೆಲವಕ್ಕೆ ಮೊದಲು ದುಂಡಾಣು ಆಮೇಲೆ ಸಾರ ಸವರಿ ಚುಕ್ಕೆ ಎಣಿಸಿ. ಮೊದಲ ಗುಂಪಿನಲ್ಲಿ ಮಾತ್ರ ಫಲ ಕಂಡರೆ ಅದು ತಡೆಯುವ ಸಾರ, ಗುಣಪಡಿಸುವುದಲ್ಲ. ತೋಟದಲ್ಲಿ ಬಿಸಿಲು, ಮಳೆ ಎರಡೂ ಸಾರವನ್ನು ಬೇಗ ಕಳೆಯುತ್ತವೆ. ಮೃಗ ಬಹಾರದ (ಮಳೆಗಾಲದ ಹೂವಿನ ಫಸಲು) ಮಳೆಯಲ್ಲಿ ತೊಳೆದುಹೋಗುವುದನ್ನು ಹಸ್ತ ಬಹಾರದ (ಮಳೆಗಾಲ ಮುಗಿಯುವಾಗಿನ ಫಸಲು) ಒಣ ಹವೆಯ ಫಲಿತಾಂಶದ ಜೊತೆ ಹೋಲಿಸಬೇಡಿ. 1% ಬೋರ್ಡೋ ದ್ರಾವಣವನ್ನು (ಮೈಲುತುತ್ತ, ಸುಣ್ಣದ ಮಿಶ್ರಣ) ಹೋಲಿಕೆಗೆ ಪಕ್ಕದ ಸಾಲಿನಲ್ಲಿ ಇಡಿ, ರೈತ ಕೇಳುವುದು ಅದಕ್ಕಿಂತ ಇದು ಹೇಗೆ ಎಂದೇ.

ಹೊಸ ಸಾರವನ್ನು ಮೊದಲು ಒಂದೇ ಕೊಂಬೆಗೆ ಸಿಂಪಡಿಸಿ ಎರಡು ದಿನ ನೋಡಿ. ಎಲೆಯ ತುದಿ ಸುಟ್ಟರೆ ಪ್ರಮಾಣ ಅರ್ಧಕ್ಕೆ ಇಳಿಸಿ ಇನ್ನೊಂದು ಕೊಂಬೆಗೆ ಹೊಡೆಯಿರಿ. ಕತ್ತರಿಯನ್ನು ಗಿಡದಿಂದ ಗಿಡಕ್ಕೆ 1% ಹೈಪೋಕ್ಲೋರೈಟ್‌ನಲ್ಲಿ ಅದ್ದಿ. ಲ್ಯಾಬಿಗೆ ತಂದ ರೋಗದ ಎಲೆ, ಬೆಳೆದ ಪ್ಲೇಟು ಎಲ್ಲವನ್ನೂ 121 ಡಿಗ್ರಿಯಲ್ಲಿ ಆಟೋಕ್ಲೇವ್ ಮಾಡಿದ ಮೇಲೆಯೇ ಕಸಕ್ಕೆ ಹಾಕಿ.